ನಿನ್ನ ಎರಡನೇ ಖಾಕಿ ಅಂಗಿ

ಅಗರ
13-2-2025, ಗುರುವಾರ

ನಾಗು,

ಮಗು ಚೆನ್ನಾಗಿದೆ. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀನು ಕಾಗದ ಬಿಚ್ಚಿದವಳೇ ಕೊನೆಗೆ ಹಾರಿ, ಅಲ್ಲಿಂದ ಅಳುತ್ತಾ ಮೇಲಕ್ಕೆ ಬರುತ್ತೀಯ. ಸಿಂಧು ಬೆಳಿಗ್ಗೆ ಒಂದು ಒಳಲೆ ಹಸುವಿನ ಹಾಲು ಕುಡಿದು, ರಾಗಿ ಸರಿ ತಿಂದು, ಈಗ ರೇಷ್ಮೆ ಹುಳದ ಮನೆಯ ಬಾಗಿಲಲ್ಲಿ ಕುಳಿತು ಹಿಪ್ಪುನೇರಳೆ ಕಡ್ಡಿ ಕಡಿಯುತ್ತಿದ್ದಾಳೆ. ಇನ್ನು ನಿಧಾನವಾಗಿ ಓದು.

ಹಾಲು ಬಿಡಿಸಿ ಮುಗಿಯುವವರೆಗೆ ಫೋನ್ ಮಾಡಬೇಡ ಎಂದು ಕಟ್ಟಪ್ಪಣೆ ಮಾಡಿದವಳು ನಾನೇ. ಅದಕ್ಕೆ ಕಾರಣ ಇತ್ತು. ಮಗು ಬಂದ ದಿನ ನೀನು ಫೋನಿನಲ್ಲಿ "ಚಿನ್ನೀ" ಎಂದದ್ದೇ ತಡ, ಅದು ನನ್ನ ಕೈಯಿಂದ ಫೋನು ಕಿತ್ತುಕೊಂಡು ಚೀಪತೊಡಗಿತು. ಅದರಿಂದ ಏನೂ ಬರಲಿಲ್ಲವೆಂದು ಗೊತ್ತಾದ ಮೇಲೆ ಊರು ಹಾರಿಹೋಗುವ ಹಾಗೆ ಅತ್ತಿತು. ಈಗ ಫೋನ್ ಮಾಡಿದರೆ ಮಗು ಸುಮ್ಮನಿರುತ್ತದೋ ಏನೋ, ಆದರೆ ನಾನು ಹೇಳಬೇಕಾದ ವಿಷಯ ಫೋನಿಗೆ ತಕ್ಕದ್ದಲ್ಲ. ಅರ್ಧ ಕೇಳುವಷ್ಟರಲ್ಲಿ ನೀನು ಬೈದು ಇಟ್ಟುಬಿಡುತ್ತೀಯ. ಕಾಗದವಾದರೆ ಬೈಯುತ್ತಲೇ ಪೂರ್ತಿ ಓದಬೇಕು.

ಬೇಗ ಬರೆಯಬೇಕಾದ ಕಾರಣವೂ ಒಂದಿದೆ. ನಿನ್ನ ಜೊತೆಯ ಕಂಡಕ್ಟರ್ ಕವಿತ ಇವತ್ತು ಬೆಳಿಗ್ಗೆ ನಮ್ಮೂರ ರಸ್ತೆಯಲ್ಲಿ ನೋಡಬಾರದ್ದನ್ನು ನೋಡಿಬಿಟ್ಟಳು. ಅವಳ ಬಸ್ಸು ಯಳಂದೂರಿಗೆ ಹೋಗಿ ಮತ್ತೆ ಕೊಳ್ಳೇಗಾಲಕ್ಕೆ ಮರಳುವಷ್ಟರಲ್ಲಿ ಈ ಕಾಗದ ಮುಗಿಸಿ, ಅನ್ನದ ಅಂಟು ಹಾಕಿ ಮುಚ್ಚಿ, ಅವಳ ಕೈಗೇ ಕೊಡುತ್ತೇನೆ. ಅವಳ ಬಾಯಿಂದ ಕೇಳುವುದಕ್ಕಿಂತ ನನ್ನ ಕೈಯಿಂದ ಓದುವುದು ಮೇಲು.

ಮೊದಲು ನಿನ್ನ ಕಾಗದದ ವಿಷಯ. ಶಿವರಾತ್ರಿ ಜಾತ್ರೆಗೆ ಬೆಟ್ಟಕ್ಕೆ ಸ್ಪೆಷಲ್ ಬಸ್ಸು ಬಿಡುತ್ತಾರೆ, ನಿನಗೂ ಅಲ್ಲಿ ರಾತ್ರಿ ಉಳಿಯುವ ಡ್ಯೂಟಿ ಬಿದ್ದಿದೆ, ಅಷ್ಟರೊಳಗೆ ಮಗು ಮೊಲೆ ಬಿಡದಿದ್ದರೆ ನೀನು ಕೆಲಸ ಬಿಡುತ್ತೀಯ, ರಾಜೀನಾಮೆ ಬರೆದು ಟಿಕೆಟ್ ಮಷಿನ್ನಿನ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೀಯ, ಈ ಭಾನುವಾರ ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತೀಯ. ಓದಿ ನನಗೆ ಊಟ ಸೇರಲಿಲ್ಲ. ಮಲ್ಲಿಗೆ ಸಮಾಚಾರ ಬಂದಾಗ ಮಾತ್ರ ಸಂಕಟದ ನಡುವೆ ನಗುವೂ ಬಂತು. ಹಾಲು ಕಟ್ಟಿದರೆ ಬತ್ತಲೆಂದು ಎದೆಗೆ ಮಲ್ಲಿಗೆ ಹೂ ಕಟ್ಟಿಕೋ ಎಂದು ಹೇಳಿಕೊಟ್ಟವಳು ನಾನೇ. ಅದನ್ನು ಕಟ್ಟಿಕೊಂಡು ಬೆಟ್ಟದ ತಿರುವಿನಲ್ಲಿ ಟಿಕೆಟ್ ಕೊಡುತ್ತಾ ನಿಂತರೆ, ಬಸ್ಸಿನ ಹೆಂಗಸರೆಲ್ಲ ವಾಸನೆ ಹಿಡಿದು ನಿನ್ನ ಬೋಳು ಜಡೆಯನ್ನೇ ನೋಡುತ್ತಾ, ಇವಳು ಹೂವು ಎಲ್ಲಿ ಮುಡಿದಿದ್ದಾಳೆ ಎಂದು ಪಿಸುಗುಟ್ಟುತ್ತಾರೆಂದು ನನಗೇನು ಗೊತ್ತಿತ್ತು? ಆದರೆ ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಅತ್ತರೆ ನಿನಗೆ ಹಾಲು ಇಳಿಯುತ್ತದೆ ಎಂದು ಬರೆದಿದ್ದೀಯಲ್ಲ, ಆ ಸಾಲಿಗೆ ನಾನು ನಗಲಿಲ್ಲ. ನಿನಗೆ ಬಿಡಿಸಿದಾಗ ನಾನೂ ಸೊಪ್ಪಿನ ತೋಟದಲ್ಲಿ ಒಬ್ಬಳೇ ನಿಂತು ಅತ್ತಿದ್ದೆ.

ಕಾಗದದ ಕೊನೆಯಲ್ಲಿ ನಿನ್ನ ಖಾಕಿ ಅಂಗಿಯ ದೂರು ಇತ್ತು. ಇರುವ ಎರಡರಲ್ಲಿ ಒಂದು ಕಾಣೆ, ಅದೂ ನಿನ್ನ ಹೆಸರಿನ ಪಟ್ಟಿ ಚುಚ್ಚಿದ್ದು. ಅತ್ತೆಯೇ ನೆಲ ಒರೆಸಲು ಹರಿದು ಹಾಕಿರಬೇಕು ಎಂದು ನೀನು ಅಂದೆ, ಅವರು ಮಾತು ಬಿಟ್ಟರು, ನೀನೂ ಬಿಟ್ಟೆ, ನಡುವೆ ಅಳಿಯಂದಿರು ಇಬ್ಬರಿಗೂ ಬೇರೆ ಬೇರೆ ಕಾಫಿ ಕಾಯಿಸುತ್ತಿದ್ದಾರೆ. ಬಸವೇಶನಂಥ ಗಂಡ ಸಿಕ್ಕಿದ್ದು ನಿನ್ನ ಪುಣ್ಯ. ಅಂಗಿಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಡಿ. ಅಲ್ಲಿಯವರೆಗೆ ನಿನ್ನ ಅತ್ತೆ ಮಾದೇವಮ್ಮನವರನ್ನು ಬೈಯಬೇಡ.

ಬೈಯಲೇಬೇಕೆಂದಿದ್ದರೆ ಅವರ ಲೋಳೆಸರವನ್ನು ಬೈಯಬಹುದು. ಅಲ್ಲಿ ಹನೂರಿನ ನಿಮ್ಮ ಮನೆಯಲ್ಲಿ ಅವರು ನಿನ್ನ ಎದೆಗೆ ಲೋಳೆಸರ ಬಳಿಸಿದರಲ್ಲ, ಕಹಿ ನಾಲಗೆಗೆ ತಾಗಿದರೆ ಮಗು ತಾನಾಗಿ ಬಿಡುತ್ತದೆ ಎಂದು. ನಮ್ಮ ಸಿಂಧು ಮುಖ ಕಿವುಚಿ, ಒಂದು ಗಳಿಗೆ ಯೋಚಿಸಿ, ಚಪ್ಪರಿಸಿಕೊಂಡು ಕುಡಿದಳಂತೆ. ಈಗ ಹಾಗಲಕಾಯಿ ಗೊಜ್ಜು ಮಾಡಿದರೆ ನನ್ನ ತಟ್ಟೆಗೇ ಕೈ ಹಾಕುತ್ತಾಳೆ. ಈ ಸುದ್ದಿ ಕೇಳಿ ನಾನು ಬೀಗಿತ್ತಿಯ ಮುಂದೆ ಜಂಬ ಕೊಚ್ಚಿದೆ. ಲಕ್ಷಗಟ್ಟಲೆ ರೇಷ್ಮೆ ಹುಳು ಸಾಕುವವಳು ನಾನು, ಒಂದು ಕೂಸಿಗೆ ಹಾಲು ಬಿಡಿಸಲಾರೆನೇ, ಅಗರಕ್ಕೆ ಕಳಿಸಿ ನೋಡಿ ಎಂದೆ. ಮಾದೇವಮ್ಮನವರು ಒಂದೂ ಮಾತಾಡದೆ ಮಗುವಿನ ಬಟ್ಟೆ ಮಡಚಿ ಕೊಟ್ಟರು. ಅವರು ಸುಮ್ಮನಿದ್ದಾಗಲೇ ನಾನು ಎಚ್ಚರಾಗಬೇಕಿತ್ತು.

ಹುಳುವಿಗೆ ಸೊಪ್ಪು ಹಾಕಿದರೆ ತಿನ್ನುತ್ತದೆ. ನಿನ್ನ ಮಗಳು ಹಾಗಲ್ಲ. ನೀನು ಕೂಸಾಗಿದ್ದಾಗ ಕುಡಿದ ಒಳಲೆಯನ್ನೇ ಹುಣಸೆಹಣ್ಣು ಹಾಕಿ ತಿಕ್ಕಿ, ಹಾಲು ತುಂಬಿ ಬಾಯಿಗಿಟ್ಟರೆ ತುಟಿ ಬಿಗಿಹಿಡಿದಳು. ಸ್ಪೂನಿನಲ್ಲಿ ಕೊಟ್ಟದ್ದನ್ನು ನನ್ನ ಮುಖಕ್ಕೇ ಉಗಿದಳು. ಬೆಲ್ಲ ಹಾಕಿದೆ, ಬಾಳೆಹಣ್ಣು ಹಿಸುಕಿದೆ, ಹಸುವಿನ ಹತ್ತಿರವೇ ಕರೆದುಕೊಂಡು ಹೋಗಿ ಹಾಲು ಎಲ್ಲಿಂದ ಬರುತ್ತದೆ ಎಂದು ತೋರಿಸಿದೆ. ಅವಳು ಹಸುವಿನ ಕಿವಿ ಹಿಡಿದು ಆಡಿ ಬಂದಳೇ ಹೊರತು ಹಾಲು ಮುಟ್ಟಲಿಲ್ಲ. ಆಗ ನಿನಗೆ ಕವಿತಳ ಮೂಲಕ "ಮಗು ಹೊಂದಿಕೊಳ್ಳುತ್ತಿದೆ" ಎಂದು ಹೇಳಿ ಕಳಿಸಿದ್ದು ಹಸಿ ಸುಳ್ಳು. ಕ್ಷಮಿಸು.

ಗುಟ್ಟು ಗೊತ್ತಾದದ್ದು ಆಟೋ ದೊಡ್ಡಸಿದ್ದಯ್ಯನಿಂದ. ಅವನ ಗಿರಿಜಾ ಮೀಸೆ ನಿನಗೆ ನೆನಪಿರಬೇಕು. ಸೊಪ್ಪಿನ ಮೂಟೆ ಹಾಕಲು ಬಂದವನನ್ನು ಕಂಡು ಮಗು ನನ್ನ ಕಂಕುಳಿಂದ ಒಂದೇ ನೆಗೆತ ನೆಗೆದು ಅವನ ಕೊರಳಿಗೆ ಬಿತ್ತು. ಮಗು ತನ್ನನ್ನು ಎಷ್ಟು ಹಚ್ಚಿಕೊಂಡಿದೆ ನೋಡಿ ಎಂದು ಅವನಿಗೂ ಹಿಗ್ಗು. ಆಮೇಲೆ ಅದು ಅವನ ಖಾಕಿ ಅಂಗಿಯ ಗುಂಡಿ ಎಳೆದು, ಒಳಗೆ ಮುಖ ತೂರಿಸಿ ಹುಡುಕತೊಡಗಿದಾಗ ದೊಡ್ಡಸಿದ್ದಯ್ಯ ಮೂಟೆಯನ್ನೂ ಮರೆತು ಕೈ ಮೇಲೆತ್ತಿ ನಿಂತುಬಿಟ್ಟ. ಮರುದಿನ ಯಳಂದೂರಿನಲ್ಲಿ ಒಬ್ಬ ಕಾನ್‌ಸ್ಟೇಬಲ್‌ಗೂ ಇದೇ ಗತಿಯಾಯಿತು. ಅವನು ಪಾಪ ಇನ್ನೂ ಮದುವೆಯಾಗದ ಹುಡುಗ, ಕಿವಿಯವರೆಗೂ ಕೆಂಪಾಗಿ ಟೋಪಿ ತೆಗೆದು ಮಗುವಿನ ಕೈಗೆ ಕೊಟ್ಟ. ಮಗು ಅದನ್ನೂ ನೆಕ್ಕಿ ನೋಡಿ ಎಸೆಯಿತು.

ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ರಜೆ ಮುಗಿಸಿ ಡ್ಯೂಟಿಗೆ ಹೋಗತೊಡಗಿದ ಮೇಲೆ ನೀನು ಸಂಜೆ ಬಂದವಳೇ ಅಂಗಿ ಕೂಡ ಕಳಚದೆ, ಹೊಸ್ತಿಲ ಹತ್ತಿರವೇ ಕುಳಿತು ಮಗುವಿಗೆ ಹಾಲು ಕೊಡುತ್ತಿದ್ದೆ. ಮಗುವಿನ ತಲೆಯಲ್ಲಿ ಹಾಲಿಗೂ ಖಾಕಿಗೂ ಗಂಟು ಬಿದ್ದಿದೆ. ಲೋಳೆಸರ ಬಳಿಯಬೇಕಾಗಿದ್ದು ಅಂಗಿಗೆ.

ಇನ್ನು ಮುಂದಿನದನ್ನು ಕುಳಿತುಕೊಂಡು ಓದು. ಮಗುವಿನ ಸ್ವೆಟರ್ ಮರೆತೆ ಎಂಬ ನೆಪ ಹೇಳಿ ನೀನಿಲ್ಲದ ಹೊತ್ತು ನೋಡಿಕೊಂಡು ಹನೂರಿಗೆ ಹೋದೆ. ಮಾದೇವಮ್ಮನವರು ನನಗೆಂದು ಒಬ್ಬಟ್ಟು ಬಿಸಿಮಾಡಲು ಒಳಗೆ ಹೋದರು. ನಾನು ಒಗೆಯುವ ಬಟ್ಟೆಯ ರಾಶಿಯಿಂದ ನಿನ್ನ ಅಂಗಿ ಎಳೆದು, ನನ್ನ ಚೀಲದ ತಳಕ್ಕೆ ತುರುಕಿ, ಮೇಲೆ ಸ್ವೆಟರ್ ಮುಚ್ಚಿದೆ. ಒಗೆಯದ ಅಂಗಿಯೇ ಬೇಕಿತ್ತು, ನಿನ್ನ ವಾಸನೆ ಇರಲೆಂದು. ಕೇಳಿದ್ದರೆ ಅವರೇ ಕೊಡುತ್ತಿದ್ದರು. ಆದರೆ ಕೇಳಬೇಕಾದರೆ ನನ್ನ ಕೈಲಿ ಆಗಲಿಲ್ಲ ಎಂದು ಒಪ್ಪಿಕೊಳ್ಳಬೇಕಿತ್ತಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ, ಆ ಒಬ್ಬಟ್ಟನ್ನು ಚೀಲ ತೊಡೆಯ ಮೇಲಿಟ್ಟುಕೊಂಡೇ ತಿಂದೆ. ಅವರು ಬಸ್ ಸ್ಟಾಪಿನವರೆಗೂ ಆ ಚೀಲವನ್ನು ತಾವೇ ಹೊತ್ತುಕೊಂಡು ಬಂದು ನನ್ನನ್ನು ಬಸ್ಸು ಹತ್ತಿಸಿದರು.

ಮನೆಗೆ ಬಂದು ಸೀರೆಯ ಮೇಲೆ ಅಂಗಿ ತೊಟ್ಟು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೆ. ಅದು ಆಸೆಯಿಂದ ಬಾಯಿ ತೆರೆದು, ಒಮ್ಮೆ ಮೂಸಿ, ನನ್ನ ಮುಖ ನೋಡಿ, ಮೋಸ ಹೋದವರ ಹಾಗೆ ಅತ್ತಿತು. ನನಗೆ ಮೈಯೆಲ್ಲ ಹುಳದ ಮನೆಯ ವಾಸನೆ, ಅದಕ್ಕೆ ಮಗುವಾದರೂ ಏನು ಮಾಡೀತು? ಅವತ್ತೇ ಹುಳುಗಳು ಮೇವು ಬಿಟ್ಟು ಮಲಗಿದ್ದ ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿದ್ದವು. ಆ ಹಸಿವಿಗೆ ಸೊಪ್ಪು ತಡವಾದರೆ ಇಡೀ ಬೆಳೆ ಹೋಗುತ್ತದೆ. ಅಂಗಿಯನ್ನು ಗೂಟಕ್ಕೆ ಸಿಕ್ಕಿಸಿ, ಅಳುವ ಮಗುವನ್ನು ನಿಮ್ಮಪ್ಪನ ತೊಡೆಗೆ ಹಾಕಿ, ಒಳಲೆ ಪಕ್ಕದಲ್ಲಿಟ್ಟು ಹುಳದ ಮನೆಗೆ ಓಡಿದೆ.

ಸೊಪ್ಪು ಹರಡುತ್ತಿದ್ದ ಹಾಗೆ ಅಳು ನಿಂತಿತು. ಮಗು ಅಳುವಾಗ ಹೆದರದ ನನಗೆ ಅದು ಸುಮ್ಮನಾದಾಗ ಹೆದರಿಕೆಯಾಯಿತು. ಬಂದು ಇಣುಕಿದರೆ, ನಿಮ್ಮಪ್ಪ ಬರಿಮೈ ಮೇಲೆ ನಿನ್ನ ಖಾಕಿ ಅಂಗಿ ತೊಟ್ಟು ಜಗಲಿಯಲ್ಲಿ ಕುಳಿತಿದ್ದಾರೆ. ಹಣೆಯಲ್ಲಿ ವಿಭೂತಿ, ಜೇಬಿನ ಮೇಲೆ "ಎಸ್. ನಾಗಶ್ರೀ, ನಿರ್ವಾಹಕಿ" ಎಂಬ ಪಟ್ಟಿ. ತೋಳು ಮೊಣಕೈಗಿಂತ ಸ್ವಲ್ಪ ಕೆಳಗೆ ಬಂದು ನಿಂತಿದೆ. ಮಗು ಅವರ ಕೊರಳಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಳಲೆಯಿಂದ ಗುಟುಕು ಗುಟುಕಾಗಿ ಹಾಲು ಕುಡಿಯುತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಬೆರಳೆತ್ತಿದರು.

"ಮಾತಾಡ್ಬ್ಯಾಡ. ಕುಡೀತಾ ಅದೆ."

ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಹೋಗಿ ನಕ್ಕೆ. ನಕ್ಕು ಮುಗಿಯುವಾಗ ಕಣ್ಣಲ್ಲಿ ನೀರು ಬಂದಿತ್ತು. ನಿನಗೆ ಯಾಕೆಂದು ಹೇಳಬೇಕಾಗಿಲ್ಲ. ನಿನಗೆ ಕೆಲಸದ ಆರ್ಡರ್ ಬಂದ ದಿನ, ನಮ್ಮನೆ ಹೆಣ್ಣು ಖಾಕಿ ತೊಟ್ಟು ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ರೈಟ್ ರೈಟ್ ಎಂದು ಕೂಗುವುದೇ ಎಂದು ಊಟ ಬಿಟ್ಟು ಎದ್ದವರು ಇವರು. ಅಂದಿನಿಂದ ನೀನಿರುವ ಬಸ್ಸು ಬಂದರೆ ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ಬಗ್ಗಿ, ಅದು ಹೋದ ಮೇಲೆ ಏಳುತ್ತಿದ್ದರು. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಸರ್ಕಾರಿ ಕೆಲಸ ಎಂದು ಹೇಳಿ ಮಳೆ ಬೆಳೆಯ ಮಾತಿಗೆ ಹೋಗುತ್ತಿದ್ದರು. ಅಂಥವರ ಎದೆಯ ಮೇಲೆ ನಿನ್ನ ಹೆಸರು ಕಂಡಾಗ ನನಗೆ ಹೇಗಾಗಬೇಡ, ಹೇಳು.

ಆಮೇಲೆ ಹೊತ್ತುಹೊತ್ತಿಗೆ ಹಾಲು ಕೊಡುವುದು ಅವರದೇ ಕೆಲಸವಾಯಿತು. ಮಗು ಅತ್ತರೆ ಎಲ್ಲಿದ್ದರೂ ಬಂದು ಅಂಗಿ ತೊಡುತ್ತಾರೆ. ಒಗೆಯಲು ಬಿಡುವುದಿಲ್ಲ. ನಾಗುಗೆ ಹೇಳಿದರೆ ನೋಡು ಎಂದು ನನ್ನಿಂದ ಆಣೆ ಬೇರೆ ಮಾಡಿಸಿಕೊಂಡಿದ್ದಾರೆ, ಈ ಕಾಗದದಿಂದ ಅದು ಮುರಿಯಿತು. ಮೊದಮೊದಲು ಹಾಲು ಕುಡಿಸಿದ ಕೂಡಲೇ ಕಳಚುತ್ತಿದ್ದರು. ಬರಬರುತ್ತಾ ಅದನ್ನು ತೊಟ್ಟೇ ಹಸು ಕಟ್ಟಿದರು. ನಿನ್ನೆಯಂತೂ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈಮರೆತು ಮೇನ್ ರೋಡಿಗೇ ಹೋಗಿಬಿಟ್ಟರು.

ಅಲ್ಲಿ ನಡೆದದ್ದನ್ನು ದೊಡ್ಡಸಿದ್ದಯ್ಯ ಬಂದು ಹೇಳಿದ. ನಿಂತಿದ್ದವರೆಲ್ಲ ಖಾಕಿ ಕಂಡು ಮುತ್ತಿಕೊಂಡರಂತೆ. ಚಾಮರಾಜನಗರದ ಬಸ್ಸು ಹೋಯಿತೋ ಬರುತ್ತದೋ ಎಂದು ಒಬ್ಬ, ನಿನ್ನೆ ಚಿಲ್ಲರೆ ಬಾಕಿ ಉಳಿಸಿಕೊಂಡೆ ಎಂದು ಇನ್ನೊಬ್ಬ. ಒಬ್ಬಳು ಅಜ್ಜಿಯಂತೂ ಕೈ ತೋರಿಸಿದರೂ ಬಸ್ಸು ನಿಲ್ಲಿಸಲಿಲ್ಲ, ನಾವು ಹೆಂಗಸರು ಕಾಸು ಕೊಡುವುದಿಲ್ಲವೆಂಬ ತಾತ್ಸಾರವೇ ಎಂದು ಬೆರಳು ಮಾಡಿ ಬೈದಳಂತೆ. ನಿಮ್ಮಪ್ಪನಿಗೆ ಎದುರು ಮಾತಾಡಿದವರನ್ನು ನಾನು ಇಷ್ಟು ವರ್ಷದ ಸಂಸಾರದಲ್ಲಿ ಕಂಡಿಲ್ಲ. ಇವತ್ತು ಅಜ್ಜಿಯ ಕಥೆ ಮುಗಿಯಿತು ಎಂದುಕೊಂಡನಂತೆ ದೊಡ್ಡಸಿದ್ದಯ್ಯ. ಆದರೆ ಇವರು ತಾವು ಕಂಡಕ್ಟರ್ ಅಲ್ಲ ಎನ್ನಲೇ ಇಲ್ಲ. ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿಕೊಂಡು ತಲೆ ತಗ್ಗಿಸಿದರಂತೆ.

"ತಪ್ಪಾಯ್ತು ಕಣವ್ವ. ಇನ್ಮೇಕೆ ನಿಲ್ಲುಸ್ತೀವಿ."

ರಾತ್ರಿ ಅವರು ಮುದ್ದೆ ಮುರಿಯುತ್ತಾ ಕುಳಿತಿದ್ದರು. ನೀನು ರಾಜೀನಾಮೆ ಬರೆದಿಟ್ಟುಕೊಂಡಿರುವುದನ್ನು ನಾನು ಆಗ ಹೇಳಿದೆ. ಸರಿಯಾಯಿತು ಬಿಡು, ಕೊನೆಗೂ ಬುದ್ಧಿ ಬಂತು ಎನ್ನುತ್ತಾರೇನೋ ಎಂದು ಕಾದೆ. ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾನ್ ಒಂದ್ಗಳಿಗೆ ನಿಂತಿದ್ದುಕ್ಕೆ ಅಷ್ಟು ಬೈದ್ರು ಕಣೆ. ಆ ಮಗ ದಿನಾ ಅದ್ನೆಲ್ಲಾ ಕೇಳ್ಕಂಡು ನಗ್ತಾ ಮನೆಗ್ ಬತ್ತಳಲ್ಲ. ಬುಡ್‌ಬ್ಯಾಡ ಅನ್ನು. ಕೂಸ್ನ ನಾನ್ ನೋಡ್ಕತಿನಿ."

ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ, ಒಂದು ಅಕ್ಷರವನ್ನೂ ನಾನು ಸೇರಿಸಿಲ್ಲ. ನಿನ್ನ ಕೆಲಸದ ಬಗ್ಗೆ ಅವರು ಬಾಯಿ ಬಿಟ್ಟು ಆಡಿದ ಮೊದಲ ಒಳ್ಳೆಯ ಮಾತು ಇದು. ನಿನಗೆ ಕೇಳಿಸಲಿಲ್ಲವಲ್ಲ ಎಂಬುದೊಂದೇ ನನ್ನ ಕೊರಗು.

ಇವತ್ತು ಬೆಳಿಗ್ಗೆ ಮತ್ತೆ ರಸ್ತೆಗೆ ಹೊರಟರು. ಅಜ್ಜಿಗೆ ಮಾತು ಕೊಟ್ಟಿದ್ದರಲ್ಲ, ಬಸ್ಸು ನಿಲ್ಲುತ್ತದೋ ಇಲ್ಲವೋ ನೋಡಬೇಕಂತೆ. ಬಂದದ್ದು ಕವಿತಳ ಬಸ್ಸು. ಇವರು ರಸ್ತೆಗೇ ಇಳಿದು ಕೈ ಅಡ್ಡ ಹಿಡಿದರು. ಬಸ್ಸು ನಿಂತಿತು, ಅಜ್ಜಿ ಹತ್ತಿದಳು, ಬಾಗಿಲಲ್ಲಿದ್ದ ಕವಿತ ಇವರ ಎದೆಯ ಮೇಲಿನ ಪಟ್ಟಿಯನ್ನು ಓದಿದಳು. ಮುಖ ನೋಡಿದಳು, ಮತ್ತೆ ಪಟ್ಟಿ ನೋಡಿದಳು. ರೈಟ್ ಎನ್ನುವುದನ್ನೂ ಮರೆತಳಂತೆ. ನಿಮ್ಮಪ್ಪನೇ ಬಸ್ಸಿನ ಮೈ ತಟ್ಟಿ "ರೈಟ್" ಎಂದರಂತೆ.

ಈಗ ನನ್ನ ಮಾತು ಕೇಳು. ಆ ರಾಜೀನಾಮೆಯನ್ನು ಚೀಲದಿಂದ ತೆಗೆದು ಹರಿದು ಒಲೆಗೆ ಹಾಕು. ಮಗು ಹಾಲು ಕುಡಿಯುತ್ತಿದೆ, ರಾಗಿ ಸರಿ ತಿನ್ನುತ್ತಿದೆ, ನಿದ್ದೆಯಲ್ಲೂ ಹುಡುಕುವುದಿಲ್ಲ. ನಿನ್ನನ್ನು ಹುಡುಕುವುದಿಲ್ಲ ಎಂದು ಓದಿ ನಿನ್ನ ಎದೆ ಹಿಂಡುತ್ತದೆ ಎಂದು ನನಗೆ ಗೊತ್ತು. ಹಿಂಡಲಿ, ಒಂದೆರಡು ದಿನ ಅಳು, ಮಲ್ಲಿಗೆ ಬದಲಾಯಿಸಿಕೋ. ಅದು ಮರೆತಿರುವುದು ಹಾಲನ್ನು, ನಿನ್ನನ್ನಲ್ಲ. ಹಾದಿಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಈಗಲೂ ಕತ್ತು ತಿರುಗಿಸಿ ಬಾಗಿಲು ನೋಡುತ್ತದೆ.

ಭಾನುವಾರ ನೀನು ರಜೆ ಹಾಕಿ ಬರುವುದು ಬೇಡ, ಡ್ಯೂಟಿಗೆ ಹೋಗು. ನನ್ನ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ನಾನು ಮನೆ ಬಿಡಲಾರೆ. ನಿಮ್ಮಪ್ಪನೇ ಮಗುವನ್ನು ಕರೆದುಕೊಂಡು ಕೊಳ್ಳೇಗಾಲಕ್ಕೆ ಬಂದು, ನೀನಿರುವ ಬೆಟ್ಟದ ಬಸ್ಸನ್ನೇ ಹತ್ತಿ ಹನೂರಿಗೆ ಬರುತ್ತಾರೆ. ಹೌದು, ನಿನ್ನ ಬಸ್ಸನ್ನೇ. ಶಿವರಾತ್ರಿ ಮುಗಿಯುವವರೆಗೆ ಅಲ್ಲೇ ಉಳಿದು ಮಗು ನೋಡಿಕೊಳ್ಳುತ್ತಾರಂತೆ. ಹೆಂಗಸರಿಗೆ ಬಸ್ಸು ಬಿಟ್ಟಿ, ನಮ್ಮ ಮನೆಯಲ್ಲಿ ಕಾಸು ಕೊಟ್ಟು ಟಿಕೆಟ್ ತೆಗೆದುಕೊಳ್ಳಬೇಕಾದವರು ಅವರೊಬ್ಬರೇ, ಕೈತಪ್ಪಿಯೂ ಬಿಟ್ಟಿ ಕೂರಿಸಬೇಡ. "ಟಿಕೆಟ್ ಅವ್ಳೇ ಕೊಟ್ಟಾಳಾ?" ಎಂದು ನನ್ನನ್ನು ಈಗಾಗಲೇ ಎರಡು ಸಲ ಕೇಳಿದ್ದಾರೆ.

ಅದಕ್ಕೂ ಮೊದಲು, ಈ ಕಾಗದ ಓದಿದ ಸಂಜೆಯೇ, ಮಾದೇವಮ್ಮನವರ ಹತ್ತಿರ ಹೋಗಿ ಕುಳಿತುಕೋ. ಅಂಗಿ ಕದ್ದವಳು ನಿನ್ನ ಅವ್ವ ಎಂದು ಹೇಳು. ಅವರು ನಗಲಿ, ನನಗೆ ಬೇಕಾದದ್ದೇ. ಕಾಫಿ ಇನ್ನು ಒಂದೇ ಪಾತ್ರೆಯಲ್ಲಿ ಕಾಯಿಸಲಿ.

ಬಸ್ಸು ಬರುವ ಹೊತ್ತಾಯಿತು.

ಖಾಕಿ ಕದ್ದ ನಿನ್ನ ಅವ್ವ,
ಸುವರ್ಣಮ್ಮ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮಂಗಳವಾರ ನಿಮ್ಮಪ್ಪ ಗದ್ದೆಗೆ ಹೋಗಿದ್ದಾಗ ಮಗು ಹಸಿದು ಅತ್ತಿತು. ಖಾಕಿಯೂ ಇಲ್ಲ ಏನೂ ಇಲ್ಲ, ಇದೇ ಹುಳದ ವಾಸನೆಯ ಸೀರೆಯಲ್ಲಿ ನಾನು ಕೊಟ್ಟರೆ ಗಟಗಟ ಕುಡಿದು ತೇಗಿತು. ಅವತ್ತಿನಿಂದ ಅವರಿಲ್ಲದಾಗೆಲ್ಲ ನನ್ನ ಕೈಯಲ್ಲೇ ಕುಡಿಯುತ್ತಿದೆ. ಇದನ್ನು ನಾನು ಅವರಿಗೆ ಹೇಳಿಲ್ಲ, ನೀನೂ ಹೇಳಬೇಡ. ನಿನ್ನ ಅಂಗಿ ವಾಪಸ್ಸು ಕೊಡಬೇಕಲ್ಲ ಎಂದು ಅವರು ಮಾಂಬಳ್ಳಿಯ ಟೈಲರ್ ಹತ್ತಿರ ಖಾಕಿ ಬಟ್ಟೆ ಕೊಟ್ಟು ತಮ್ಮ ಅಳತೆಗೇ ಒಂದು ಹೊಲಿಯಲು ಹಾಕಿದ್ದಾರೆ, ದಾರಿಯಲ್ಲಿ ಮಗುವಿಗೆ ಹಸಿವಾದರೆ ಬೇಕಾಗುತ್ತದಂತೆ. ಭಾನುವಾರ ಅದನ್ನು ತೊಟ್ಟು ನಿನ್ನ ಬಸ್ಸು ಹತ್ತಿದರೆ ನಗಬೇಡ. ಮಗುವಿಗಂತೂ ಬಿಡಿಸಿದ್ದಾಯಿತು. ನಿಮ್ಮಪ್ಪನಿಗೆ ಖಾಕಿ ಬಿಡಿಸಲು ಎಲ್ಲಿಗೆ ಲೋಳೆಸರ ಬಳಿಯುವುದು ಎಂದು ಮಾದೇವಮ್ಮನವರನ್ನೇ ಒಂದು ಮಾತು ಕೇಳಿ ನೋಡು.